ರಟ್ಟು ಹಿಡಿಯುವ ಕೆಲಸ

"ನಿಲ್ಲಿಸಿ! ನಿಲ್ಲಿಸಿ ಅಂದೆ ಮೇಷ್ಟ್ರೇ!"

ಹೆಡ್ ಮಿಸ್ ಕುರ್ಚಿಯಿಂದ ಎದ್ದೇಬಿಟ್ಟರು. ಒಂದು ಕೈಯಿಂದ ತಮ್ಮ ಕಣ್ಣು ಮುಚ್ಚಿಕೊಂಡರು, ಇನ್ನೊಂದು ಕೈಯಿಂದ ಪಕ್ಕದಲ್ಲಿ ಕೂತಿದ್ದ ಮೂತಿಯ ಕಣ್ಣು ಮುಚ್ಚಿದರು. ಡ್ರಾಯಿಂಗ್ ಮೇಷ್ಟ್ರು ರಿಮೋಟಿನ ಗುಂಡಿಗಳನ್ನೆಲ್ಲ ಒತ್ತಿದರು. ಒಂದು ಗುಂಡಿಯೂ ಅವರ ಮಾತು ಕೇಳಲಿಲ್ಲ. ಪರದೆಯ ಮೇಲಿದ್ದ ರಾಜಕುಮಾರ ಹುಡುಗಿಗೆ ಮುತ್ತು ಕೊಟ್ಟು ಮುಗಿಸಿದ ಮೇಲೇ ಸಿನಿಮಾ ನಿಂತಿತು.

"ನಾಲ್ಕು ಸೆಕೆಂಡ್," ಎಂದಳು ಮೂತಿ. ಹೆಡ್ ಮಿಸ್ಸಿನ ಬೆರಳ ಸಂದಿಯಲ್ಲಿ ಅವಳು ಪೂರ್ತಿ ನೋಡಿದ್ದಳು.

ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿತ್ತು, ಅಲ್ಲೇ ಇತ್ತು. ಐದನೇ ಕ್ಲಾಸಿನಲ್ಲಿ ಯಾರೂ ಅದನ್ನು ಬಳಸುತ್ತಿರಲಿಲ್ಲ. ಏನು ತೋರಿಸಿದರೂ ಮೂತಿ ಸೊಟ್ಟ ಮಾಡುವ ಹುಡುಗಿ ಅವಳು. ಹೊಸ ಬ್ಯಾಗ್ ತೋರಿಸಿದರೆ, "ಜಿಪ್ ಒಂದು ವಾರ ಬಾಳಲ್ಲ." ಯಾರಾದರೂ ಹಾಡಿದರೆ, "ಬಾಗಿಲು ಕಿರ್ರ್ ಅಂದಂಗಿದೆ." ಹಾಗಾಗಿ ಮೂತಿ. ಸಿನಿಮಾ ಕಮಿಟಿಗೆ ಒಂದು ಮಗು ಬೇಕು ಎಂದಾಗ ಅವಳ ಕ್ಲಾಸ್ ಟೀಚರ್ ಹಿಂದೆಮುಂದೆ ನೋಡಲಿಲ್ಲ. "ಇವಳನ್ನೇ ಕರ್ಕೊಂಡು ಹೋಗಿ, ನಮಗೂ ಸ್ವಲ್ಪ ಹೊತ್ತು ನೆಮ್ಮದಿ," ಎಂದು ಕಳಿಸಿಬಿಟ್ಟಿದ್ದರು.

ಆ ಶಾಲೆಯಲ್ಲಿ ವರ್ಷಕ್ಕೊಂದು ಶನಿವಾರ ಮಕ್ಕಳು, ಅಪ್ಪ ಅಮ್ಮ, ಅಜ್ಜ ಅಜ್ಜಿ ಎಲ್ಲ ಒಟ್ಟಿಗೆ ಕೂತು ಒಂದು ಸಿನಿಮಾ ನೋಡುತ್ತಿದ್ದರು. ಅದಕ್ಕೆ ಎರಡು ದಿನ ಮೊದಲು ಕಮಿಟಿ ಅದನ್ನು ನೋಡಿ, ಇದು ಕುಟುಂಬ ಸಮೇತ ನೋಡುವಂಥದ್ದು ಹೌದೋ ಅಲ್ಲವೋ ಎಂದು ತೀರ್ಮಾನ ಮಾಡಬೇಕು. ಕಮಿಟಿ ಎಂದರೆ ಹೆಡ್ ಮಿಸ್, ಡ್ರಾಯಿಂಗ್ ಮೇಷ್ಟ್ರು, ಪೋಷಕರ ಪರವಾಗಿ ಬ್ಯಾಂಕ್ ಆಂಟಿ, ಮಕ್ಕಳ ಪರವಾಗಿ ಮೂತಿ. ನಾಲ್ಕು ಜನ, ಮೇಲಿನ ಮಹಡಿಯ ಡ್ರಾಯಿಂಗ್ ರೂಮು, ಎರಡು ಪ್ಯಾಕೆಟ್ ಬಿಸ್ಕತ್ತು.

ಸಿನಿಮಾದ ಹೆಸರು 'ಹಂಸಮಹಲಿನ ಹುಡುಗಿ'. ಕತೆಯೋ, ಕೇಳಲೇಬೇಡಿ. ಅರಮನೆಯ ಹಿಂದಿನ ಬಾವಿಕಟ್ಟೆಯಲ್ಲಿ ಒಬ್ಬ ಹುಡುಗಿ ಅಮ್ಮನ ಜೊತೆ ಅರಮನೆಯ ಬಟ್ಟೆ ಒಗೆಯುತ್ತಾಳೆ. ಒಗೆಯುವುದೆಲ್ಲ ಅಮ್ಮ, ಇವಳು ಬರೀ ಹಾಡುವುದು. ಒಬ್ಬ ರಾಜಕುಮಾರ ಕಿಟಕಿಯಲ್ಲಿ ನಿಂತಿರುತ್ತಾನೆ. ಪಾಪ, ಕಿಟಕಿಯಲ್ಲಿ ನಿಲ್ಲುವುದು ಬಿಟ್ಟರೆ ಅವನಿಗೆ ಬೇರೆ ಕೆಲಸವಿಲ್ಲ. ಹಾಡು ಮೂರು ನಿಮಿಷ. ಅಷ್ಟರಲ್ಲಿ ಅವನಿಗೆ ಪ್ರೀತಿ ಬಂದುಬಿಡುತ್ತದೆ. ನೆಗಡಿ ಬರುವುದಕ್ಕೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು! ಹುಡುಗಿಯ ಹೆಸರೇನು ಎಂದು ಆ ಮಹಾರಾಯ ಕೊನೆಯವರೆಗೂ ಕೇಳುವುದಿಲ್ಲ.

ಆಮೇಲೆ ಅವನು ಒಂದು ಬಿಳಿ ಗೌನು ಕಳಿಸುತ್ತಾನೆ. ಹುಡುಗಿ ಅದನ್ನು ಹಾಕಿಕೊಂಡು ಅರಮನೆಯ ಕುಣಿತಕ್ಕೆ ಹೋಗುತ್ತಾಳೆ. ಮಗಳಿಗೆ ಚಳಿಯಾದೀತೆಂದು ಅಮ್ಮ ಶಾಲು ಹಿಡಿದುಕೊಂಡು ಹಿಂದೆಯೇ ಓಡಿಬರುತ್ತಾಳೆ. "ಯಾರಿವಳು?" ಎನ್ನುತ್ತಾನೆ ರಾಜಕುಮಾರ. "ಗೊತ್ತಿಲ್ಲ, ಯಾರೋ ಬಟ್ಟೆ ಒಗೆಯುವವಳು," ಎನ್ನುತ್ತಾಳೆ ಹುಡುಗಿ. ಅಮ್ಮ ಶಾಲನ್ನು ಮೆಟ್ಟಿಲ ಮೇಲಿಟ್ಟು ಹೊರಟುಹೋಗುತ್ತಾಳೆ. ಪಿಟೀಲು ಕುಂಯ್ಯೋ ಎಂದು ಅಳುತ್ತದೆ. ಆಮೇಲೆ ಮದುವೆ, ಮುತ್ತು, ಶುಭಂ. ಮದುವೆಗೆ ಹದಿನಾರು ಕುದುರೆಗಳು ಬಂದಿದ್ದವು. ಅಮ್ಮ ಬಂದಿರಲಿಲ್ಲ.

"ಎಷ್ಟು ಚೆನ್ನಾಗಿದೆ!" ಎಂದರು ಬ್ಯಾಂಕ್ ಆಂಟಿ, ಕಣ್ಣು ಒರೆಸಿಕೊಳ್ಳುತ್ತಾ. "ಆ ತಾಯಿಯ ತ್ಯಾಗ ನೋಡಿ. ಮಕ್ಕಳು ಇಂಥದ್ದು ನೋಡ್ಬೇಕು. ಆದ್ರೆ ಆ ಕೊನೇ ಸೀನು... ಛೆ ಛೆ. ಮನೆ ಹಿರಿಯರೆಲ್ಲ ಪಕ್ಕದಲ್ಲೇ ಕೂತಿರ್ತಾರೆ."

"ಆ ನಾಲ್ಕು ಸೆಕೆಂಡಿಗೆ ರಟ್ಟು ಹಿಡಿದ್ರೆ ಆಯ್ತು," ಎಂದರು ಹೆಡ್ ಮಿಸ್.

ರಟ್ಟು ಹಿಡಿಯುವುದು ಆ ಶಾಲೆಯ ಹಳೇ ಪದ್ಧತಿ. ಬೇಡದ ಸೀನು ಬಂದಾಗ ಪ್ರೊಜೆಕ್ಟರಿನ ಮುಂದೆ ಒಂದು ರಟ್ಟು ಅಡ್ಡ ಹಿಡಿಯುವುದು. ಪರದೆ ಕಪ್ಪಾಗುತ್ತದೆ, ಎಲ್ಲರ ಮಾನ ಉಳಿಯುತ್ತದೆ. ಹೋದ ವರ್ಷ ಡ್ರಾಯಿಂಗ್ ಮೇಷ್ಟ್ರು, ಕಾಲ ಬದಲಾಗಿದೆ, ರಿಮೋಟಿನಲ್ಲೇ ಮುಂದೆ ಓಡಿಸುತ್ತೇನೆ ಎಂದು ಹೊರಟಿದ್ದರು. ಸಿನಿಮಾ ಮೊದಲಿನಿಂದ ಶುರುವಾಗಿ, ಇಡೀ ಸಭೆ ಮೊದಲ ಅರ್ಧ ಗಂಟೆಯನ್ನು ಎರಡು ಸಲ ನೋಡಿತ್ತು. ಈ ವರ್ಷ ಅವರು ಬಾಯಿ ಬಿಡಲಿಲ್ಲ.

"ಮಿಸ್, ಮುತ್ತು ನಾಲ್ಕೇ ಸೆಕೆಂಡು," ಎಂದಳು ಮೂತಿ. "ಅದಕ್ಕಿಂತ ಕೆಟ್ಟದ್ದು ಒಂದು ನಿಮಿಷ ಇದೆ."

"ಅಯ್ಯೋ, ಎಲ್ಲಿ? ನಾನು ನೋಡ್ಲೇ ಇಲ್ಲ!"

"ಅಮ್ಮನ್ನ ಗೊತ್ತಿಲ್ಲ ಅಂತಾಳಲ್ಲ, ಅದು. ಥೂ! ಒಂದು ಗೌನಿಗೋಸ್ಕರ! ನಾಳೆ ರಾಜಕುಮಾರ ಕಿರೀಟ ಕೊಟ್ರೆ ಇವಳು ತನ್ನನ್ನೇ ಗೊತ್ತಿಲ್ಲ ಅಂತಾಳೆ. ನಾಚಿಕೆಗೆಟ್ಟೋಳು. ಅವಳಂಥ..."

ಮಾತು ಅಲ್ಲಿಗೇ ನಿಂತಿತು. ಹೊರಗೆ ಕಾರಿಡಾರಿನಲ್ಲಿ ಕೀಂಯ್, ಕೀಂಯ್ ಎಂದು ಸದ್ದು ಬಂತು. ನೆಲ ಒರೆಸುವ ಬಕೆಟ್ಟಿನ ಚಕ್ರದ ಸದ್ದು ಅದು. ಬಾಗಿಲ ಮುಂದೆ ಹಾದು, ನಿಧಾನವಾಗಿ ದೂರ ಹೋಯಿತು.

"ಅದು ಕತೆ ಕಣಮ್ಮ," ಎಂದರು ಹೆಡ್ ಮಿಸ್. "ನೀನಿನ್ನೂ ಚಿಕ್ಕವಳು, ನಿನಗೆ ಅರ್ಥ ಆಗಲ್ಲ. ಸೆಕೆಂಡು ಮಾತ್ರ ಚೆನ್ನಾಗಿ ಎಣಿಸ್ತೀಯ. ಶನಿವಾರ ರಟ್ಟು ನೀನೇ ಹಿಡಿ. ನಾನು ಕೆಮ್ಮಿದ ತಕ್ಷಣ ಹಿಡೀಬೇಕು, ಇನ್ನೊಂದು ಸಲ ಕೆಮ್ಮಿದ್ರೆ ತೆಗೀಬೇಕು. ಫೈಲಿಗೆ ಬೇಕು, ಈ ಫಾರಂ ತುಂಬಿ, ಪೋಷಕರ ಸಹಿ ಹಾಕಿಸಿ, ಶನಿವಾರ ಮೇಷ್ಟ್ರಿಗೆ ಕೊಡು."

ಫಾರಮ್ಮಿನಲ್ಲಿ ಒಂದೇ ಪ್ರಶ್ನೆಯಿತ್ತು. 'ಈ ಚಿತ್ರವನ್ನು ಕುಟುಂಬ ಸಮೇತ ನೋಡಬಹುದೇ? ಕಾರಣ ಬರೆಯಿರಿ.' ಮೂತಿ ದಪ್ಪ ಅಕ್ಷರದಲ್ಲಿ 'ಇಲ್ಲ' ಎಂದು ಬರೆದಳು. ಕೆಳಗೆ ಬರೆದಳು:

೧. ರಾಜಕುಮಾರನಿಗೆ ಕೆಲಸವಿಲ್ಲ.

೨. ಒಂದೇ ಹಾಡಿಗೆ ಪ್ರೀತಿ. ಹೆಸರೂ ಕೇಳಲಿಲ್ಲ.

೩. ಹುಡುಗಿ ಒಂಬತ್ತು ಸಲ ಅಳುತ್ತಾಳೆ. ಒಂದು ಸಲವೂ ಮೂಗು ಸೋರುವುದಿಲ್ಲ.

೪.

ನಾಲ್ಕು ಎಂದು ಬರೆದು, ಚುಕ್ಕಿ ಇಟ್ಟು, ಪೆನ್ನು ಹಿಡಿದುಕೊಂಡು ಕೂತೇ ಇದ್ದಳು. ಕೊನೆಗೆ ಫಾರಂ ಮಡಚಿ ಜೇಬಿಗೆ ಹಾಕಿಕೊಂಡಳು.

ಆ ಬಕೆಟ್ಟು ತಳ್ಳುತ್ತಿದ್ದವಳು ಮೂತಿಯ ಅಮ್ಮ.

ಅಮ್ಮ ಮೊದಲು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಲಾಂಡ್ರಿ ಮುಚ್ಚಿತು. ಎರಡು ತಿಂಗಳ ಹಿಂದೆ ಮೂತಿಯ ಶಾಲೆಯಲ್ಲೇ ನೆಲ ಒರೆಸುವ ಕೆಲಸ ಸಿಕ್ಕಿತು. ಕ್ಲಾಸು ಬಿಟ್ಟ ಮೇಲೆ ಬರುತ್ತಿದ್ದಳು, ಆದ್ದರಿಂದ ಯಾರಿಗೂ ಗೊತ್ತಿರಲಿಲ್ಲ. ಎರಡು ವಾರದ ಹಿಂದೆ ಅವಳ ಕೆಲಸ ಹಗಲು ಹೊತ್ತಿಗೆ ಬದಲಾಯಿತು. ಆ ಮೊದಲ ದಿನ ಊಟದ ಬೆಲ್ಲು ಹೊಡೆದಿತ್ತು. ಕಾರಿಡಾರಿನಲ್ಲಿ ಮೂತಿಯನ್ನು ಕಂಡು ಅಮ್ಮನ ಮುಖ ಅರಳಿತು.

ಮೂತಿಯ ಪಕ್ಕದಲ್ಲಿ ಸೋಡಾಬುಡ್ಡಿ ಇದ್ದಳು. ದಪ್ಪ ಕನ್ನಡಕದ ಹುಡುಗಿ, ಡಾಕ್ಟರ ಮಗಳು, ಒಂದೇ ಬೆಂಚಿನವಳು. "ಆ ಕ್ಲೀನಿಂಗ್ ಆಂಟಿ ನಿನ್ನ ನೋಡಿ ನಗ್ತಿದಾರೆ ಕಣೇ. ಯಾರು ಅವರು?"

"ಗೊತ್ತಿಲ್ಲ," ಎಂದಳು ಮೂತಿ. "ಯಾರೋ."

ಯಾರೂ ಅವಳಿಗೆ ಗೌನು ಕೊಟ್ಟಿರಲಿಲ್ಲ. ಯಾರೂ ಹೆದರಿಸಿರಲಿಲ್ಲ. ಬಾಯಿಗೆ ಬಂತು, ಹೇಳಿಬಿಟ್ಟಳು. ಅಮ್ಮನಿಗೂ ಅವರಿಗೂ ನಾಲ್ಕೇ ಹೆಜ್ಜೆ ದೂರ ಇತ್ತು. ಅಮ್ಮ ತಲೆ ತಗ್ಗಿಸಿ, ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು.

ಆ ಸಂಜೆ ಬೈಗಳು ಬೀಳುತ್ತದೆ ಎಂದು ಮೂತಿ ಕಾದಳು. ಬೀಳಲಿಲ್ಲ. ಅಮ್ಮ ಎಂದಿನಂತೆ ಯೂನಿಫಾರ್ಮ್ ಇಸ್ತ್ರಿ ಮಾಡಿದಳು. ಮೊದಲು ಕಾಲರು, ಆಮೇಲೆ ತೋಳು, ಕೊನೆಗೆ ಬೆನ್ನು. ಗೂಟಕ್ಕೆ ನೇತುಹಾಕಿ ಹೇಳಿದಳು. "ನಾಳೆಯಿಂದ ನನಗೆ ಮೇಲಿನ ಮಹಡಿ ಕೊಡಿ ಅಂತ ಕೇಳ್ಕೊಂಡಿದೀನಿ. ನಿಮ್ಮ ಕ್ಲಾಸು ಕೆಳಗಡೆ ಅಲ್ವಾ. ಎದುರಿಗೆ ಸಿಗಲ್ಲ ಬಿಡು."

ಅಷ್ಟೇ. ಆಮೇಲೆ ಯಾವಾಗಲಾದರೂ ಮೆಟ್ಟಿಲ ಹತ್ತಿರ ಎದುರಾದರೂ ಅಮ್ಮ ಗೋಡೆಯ ಕಡೆ ನೋಡಿಕೊಂಡು ಹೋಗುತ್ತಿದ್ದಳು. ಮೊದಲ ದಿನ ಮೂತಿಗೆ ಸದ್ಯ ಎನಿಸಿತು. ಎರಡನೇ ದಿನದಿಂದ ಹಾಗೆ ಅನಿಸಲಿಲ್ಲ.

ಶುಕ್ರವಾರ ಸಂಜೆ ಅಮ್ಮ ಕೈಗೆ ಎಣ್ಣೆ ಸವರಿಕೊಳ್ಳುತ್ತಾ ಕೂತಿದ್ದಳು. ಫಿನಾಯಿಲಿಗೆ ಅವಳ ಬೆರಳೆಲ್ಲ ಬಿರುಕು ಬಿಟ್ಟಿದ್ದವು.

"ನಾಳೆ ಸಿನಿಮಾಕ್ಕೆ ಕೆಲಸದವರೂ ಬರಬಹುದಂತೆ," ಎಂದಳು. "ನಾನೂ ಬರ್ಲಾ? ಕೊನೇ ಸಾಲಲ್ಲಿ ಕೂತ್ಕೋತೀನಿ. ಮಾತಾಡ್ಸಲ್ಲ."

"ಬೇಡಮ್ಮಾ. ದರಿದ್ರ ಸಿನಿಮಾ ಅದು. ರಾಜಕುಮಾರ ನಿಂತಲ್ಲೇ ನಿಂತಿರ್ತಾನೆ, ಹೆಚ್ಚುಕಮ್ಮಿ ಕರೆಂಟ್ ಕಂಬ. ಮೂರು ನಿಮಿಷಕ್ಕೆ ಲವ್ವು!"

ಅಮ್ಮ ನಕ್ಕಳು. "ಹುಡುಗಿ ಏನು ಮಾಡ್ತಿರ್ತಾಳೆ?"

"ಬಟ್ಟೆ ಒಗೀತಾಳೆ. ಅವಳಲ್ಲ, ಅವರಮ್ಮ ಒಗೀತಾಳೆ."

"ಹೌದಾ! ಆಮೇಲೆ ಆ ಅಮ್ಮ ಏನಾಗ್ತಾಳೆ?"

ಮೂತಿ ಎದ್ದು ನೀರು ಕುಡಿಯಲು ಹೋದಳು. "ನಾನು ಸರಿಯಾಗಿ ನೋಡ್ಲಿಲ್ಲ," ಎಂದಳು, ಲೋಟದೊಳಗೆ ಬಾಯಿಟ್ಟುಕೊಂಡೇ.

"ಸರಿ ಬಿಡು, ನಾನು ಬರಲ್ಲ," ಎಂದಳು ಅಮ್ಮ. ಆ ರಾತ್ರಿ ಮೂತಿ ಫಾರಂ ಹೊರಗೆ ತೆಗೆಯಲೇ ಇಲ್ಲ.

ಶನಿವಾರ ಶಾಲೆಯ ದೊಡ್ಡ ಹಾಲು ಕಿಕ್ಕಿರಿದಿತ್ತು. ಅಜ್ಜಂದಿರು ಮುಂದೆ, ಕೂಸುಗಳು ತೊಡೆಯ ಮೇಲೆ, ತುಂಟರು ಕಿಟಕಿಯ ಮೇಲೆ. ನಡುವಿನ ಮೇಜಿನ ಮೇಲೆ ಪ್ರೊಜೆಕ್ಟರು. ಪಕ್ಕದಲ್ಲಿ ರಟ್ಟು ಹಿಡಿದು ಮೂತಿ ಸಿಪಾಯಿಯ ಹಾಗೆ ನಿಂತಿದ್ದಳು. ದೀಪ ಆರುವ ಮುಂಚೆ ಸುಮ್ಮನೆ ಒಮ್ಮೆ ಹಿಂದೆ ನೋಡಿದಳು.

ಕೊನೆಯ ಸಾಲಿನ ಮೂಲೆಯಲ್ಲಿ ಅಮ್ಮ! ಬೆಳಿಗ್ಗೆ ಹಾಲಿನ ನೆಲ ಒರೆಸಲು ಬಂದವಳನ್ನು ಹೆಡ್ ಮಿಸ್ಸೇ, "ಇದ್ದು ನೋಡ್ಕೊಂಡು ಹೋಗಿ, ಆಮೇಲೆ ಕುರ್ಚಿ ಎತ್ತಿಡೋಕೂ ಜನ ಬೇಕು," ಎಂದು ನಿಲ್ಲಿಸಿಕೊಂಡಿದ್ದರು. ಅಮ್ಮ ತನ್ನ ಒಳ್ಳೆಯ ನೀಲಿ ಬಟ್ಟೆ ಹಾಕಿಕೊಂಡಿದ್ದಳು. ಅಂದರೆ ಅದನ್ನು ಬೆಳಿಗ್ಗೆಯೇ ಚೀಲದಲ್ಲಿಟ್ಟುಕೊಂಡು ಬಂದಿದ್ದಳು.

ಸಿನಿಮಾ ಶುರುವಾಯಿತು. ಕಿಟಕಿ, ಬಾವಿಕಟ್ಟೆ, ಹಾಡು. "ಆಹಾ," ಎಂದರು ಅಜ್ಜಂದಿರು. ಗೌನು ಬಂತು. "ಅಬ್ಬಾ," ಎಂದರು ಆಂಟಿಯರು. ಮೂತಿ ಏನನ್ನೂ ನೋಡುತ್ತಿರಲಿಲ್ಲ. ಅವಳಿಗೆ ಒಂದೇ ಚಿಂತೆ. ಇನ್ನು ಹತ್ತು ನಿಮಿಷಕ್ಕೆ ಆ ಸೀನು ಬರುತ್ತದೆ, ಅಮ್ಮ ನೋಡುತ್ತಾಳೆ. ಇನ್ನು ಐದು ನಿಮಿಷಕ್ಕೆ ಅಮ್ಮ ನೋಡುತ್ತಾಳೆ.

ಪರದೆಯ ಮೇಲೆ ಶಾಲು ಹಿಡಿದ ಹೆಂಗಸು ಮೆಟ್ಟಿಲು ಹತ್ತಿದಳು. ಹೆಡ್ ಮಿಸ್ ಕೆಮ್ಮಿರಲಿಲ್ಲ. ಮೂತಿ ರಟ್ಟು ಅಡ್ಡ ಹಿಡಿದೇಬಿಟ್ಟಳು.

ಹಾಲಿನಲ್ಲಿ ಕತ್ತಲೆ ಕವಿಯಿತು. ಆದರೆ ರಟ್ಟಿನಿಂದ ಚಿತ್ರ ಮುಚ್ಚಬಹುದು, ಸದ್ದು ಮುಚ್ಚಲಾಗುತ್ತದೆಯೇ? ನೋಡಲು ಏನೂ ಇಲ್ಲದೆ ಎಲ್ಲರೂ ಕಿವಿಯಾಗಿ ಕೂತಿದ್ದಾಗ, ಎರಡು ದೊಡ್ಡ ಸ್ಪೀಕರುಗಳು ಒಟ್ಟಿಗೆ ಹೇಳಿದವು.

"ಯಾರಿವಳು?"

"ಗೊತ್ತಿಲ್ಲ. ಯಾರೋ ಬಟ್ಟೆ ಒಗೆಯುವವಳು."

ಗೋಡೆಗೆ ಬಡಿದು ಆ ಮಾತು ವಾಪಸ್ಸು ಬಂತು. ಮೊನ್ನೆ ನೋಡಿದಾಗ ಅದು ಇಷ್ಟು ಜೋರಾಗಿರಲಿಲ್ಲ. ಆದರೂ ಮೂತಿ ರಟ್ಟು ತೆಗೆಯಲಿಲ್ಲ.

"ಏನಾಯ್ತ್ರೀ? ಕರೆಂಟ್ ಹೋಯ್ತಾ?" "ಮುತ್ತಾ? ಮುತ್ತು ಬಂತಾ?" "ಏಯ್, ರಟ್ಟು ತೆಗೀರೋ!" ಕಿಟಕಿಯ ಮೇಲಿದ್ದ ತುಂಟರು ಶಿಳ್ಳೆ ಹೊಡೆದರು. ಹೆಡ್ ಮಿಸ್ ನಿಜವಾಗಿಯೂ ಕೆಮ್ಮಿದರು, ಒಂದಲ್ಲ, ಆರು ಸಲ. ಡ್ರಾಯಿಂಗ್ ಮೇಷ್ಟ್ರು ಗಾಬರಿಯಲ್ಲಿ ದೀಪ ಹಾಕಿ, ಸಿನಿಮಾ ನಿಲ್ಲಿಸಿದರು. ಈ ಸಲ ಗುಂಡಿ ಮಾತು ಕೇಳಿತು.

ಬ್ಯಾಂಕ್ ಆಂಟಿಗೆ ಕೋಪ ನೆತ್ತಿಗೇರಿತ್ತು. "ಅಷ್ಟು ಚೆನ್ನಾಗಿರೋ ಸೀನು ಹಾಳು ಮಾಡಿದ್ಲಲ್ರೀ! ತಾಯಿ ತ್ಯಾಗದ ಸೀನು! ಯಾರ ಮಗಳ್ರೀ ಇದು? ಹೇಳೋರು ಕೇಳೋರು ಯಾರೂ ಇಲ್ವಾ ಇದಕ್ಕೆ?"

ಮೂತಿ ಹಿಂದೆ ತಿರುಗಿದಳು. ಅಮ್ಮ ಅರ್ಧ ಎದ್ದಿದ್ದಳು. ಇಷ್ಟು ಜನರನ್ನು ನೋಡಿ, ಮತ್ತೆ ಕೂತುಬಿಟ್ಟಳು. ಕೂತು, ನಿಧಾನವಾಗಿ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು.

ಮಗಳನ್ನು ಬಯ್ಯುತ್ತಿದ್ದರೂ ಅಮ್ಮ, ಮಾತಾಡಿಸಲ್ಲ ಎಂದಿದ್ದ ಮಾತಿಗೆ ತಪ್ಪಲಿಲ್ಲ. ಮೂತಿಗೆ ಇನ್ನು ತಡೆದುಕೊಳ್ಳಲಾಗಲಿಲ್ಲ.

"ನಮ್ಮಮ್ಮ ಅಲ್ಲಿದಾರೆ," ಎಂದಳು. ಯಾರಿಗೂ ಕೇಳಿಸಲಿಲ್ಲ. ಮತ್ತೆ, ಜೋರಾಗಿ ಕೂಗಿದಳು. "ಕೊನೇ ಸಾಲು! ನೀಲಿ ಬಟ್ಟೆ! ನಾನು ಅವರ ಮಗಳು. ಅಮ್ಮಾ, ಗೋಡೆ ನೋಡ್ಬೇಡ! ಈ ಕಡೆ ನೋಡು!"

ಇಡೀ ಹಾಲು ಹಿಂದೆ ತಿರುಗಿತು. ಸೋಡಾಬುಡ್ಡಿ ಕನ್ನಡಕ ಸರಿಮಾಡಿಕೊಂಡು, ಎಲ್ಲರಿಗೂ ಕೇಳಿಸುವ ಹಾಗೆ ಕೇಳಿದಳು. "ಅವತ್ತು ಯಾರೋ ಗೊತ್ತಿಲ್ಲ ಅಂದ್ಯಲ್ಲೇ?"

"ಸುಳ್ಳು ಹೇಳಿದ್ದೆ," ಎಂದಳು ಮೂತಿ. "ಆ ಸಿನಿಮಾ ಹುಡುಗಿಗಾದ್ರೂ ಒಂದು ಗೌನು ಸಿಕ್ತು. ನನಗೆ ಅದೂ ಸಿಗ್ಲಿಲ್ಲ." ಅಷ್ಟು ಹೇಳುವುದರೊಳಗೆ ಅವಳಿಗೆ ಅಳು ಬಂತು. ಅವಳ ಮೂಗು ಧಾರಾಳವಾಗಿ ಸೋರಿತು.

ಹೆಡ್ ಮಿಸ್ ಹತ್ತಿರ ಬಂದು ಕೈ ಚಾಚಿದರು. "ರಟ್ಟು ಇಲ್ಲಿ ಕೊಡು. ಹೋಗು, ಅಮ್ಮನ ಪಕ್ಕ ಕೂತ್ಕೋ."

ಅಮ್ಮ ಸರಿದು ಜಾಗ ಕೊಟ್ಟಳು. ದೀಪ ಆರಿತು.

"ಯಾಕೆ ಅಡ್ಡ ಹಿಡಿದೆ?" ಎಂದಳು ಅಮ್ಮ, ಮೆಲ್ಲಗೆ.

"ನೀನು ನೋಡ್ಬಾರ್ದು ಅಂತ."

"ನೋಡೋಕೇನಿದೆ. ಕೇಳಿಸ್ತಲ್ಲ."

ಅಮ್ಮ ಸಿಟ್ಟಿನಿಂದ ಹೇಳಲಿಲ್ಲ. ಸುಮ್ಮನೆ ಹೇಳಿದಳು. ಮೂತಿ ಅಮ್ಮನ ಕೈ ಹಿಡಿದುಕೊಂಡಳು. ಬೆರಳಿನ ಬಿರುಕುಗಳು ಒಂದೊಂದೂ ಅವಳ ಅಂಗೈಗೆ ತಾಕಿದವು.

ಮುಂದೆ ಮದುವೆ ಬಂತು. ಈ ಸಲ ಹೆಡ್ ಮಿಸ್ ಯಾರನ್ನೂ ನಂಬದೆ ರಟ್ಟು ತಾವೇ ಹಿಡಿದರು. ಪರದೆ ಕಪ್ಪಾಯಿತು, ಕತ್ತಲೆಯಲ್ಲಿ ಎರಡು ದೊಡ್ಡ ಸ್ಪೀಕರುಗಳಿಂದ 'ಪ್ಚ್' ಎಂದು ಸದ್ದು ಬಂತು. ಹಾಲಿಗೆ ಹಾಲೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಮುಂದಿನ ಸಾಲಿನ ಅಜ್ಜಂದಿರು.

"ಮುಗೀತಾ?" ಎಂದಳು ಅಮ್ಮ. "ಮದುವೆಗೆ ಆ ಹುಡುಗಿಯ ಅಮ್ಮ ಬಂದ್ಲಾ? ನನಗೆ ಕಾಣಿಸ್ಲಿಲ್ಲ."

"ಇಲ್ಲ. ಕುದುರೆಗಳು ಬಂದಿದ್ವು."

"ಥೂ, ಇದೂ ಒಂದು ಸಿನಿಮಾನಾ!" ಎಂದಳು ಅಮ್ಮ. ದೀಪ ಹತ್ತಿದಾಗ ಮೂತಿ ನೋಡಿದಳು. ಅಮ್ಮನ ಮೂತಿ ಥೇಟ್ ತನ್ನದೇ, ಎಡಗಡೆಗೆ ಸೊಟ್ಟ.

ಜನ ಹೊರಗೆ ಹೋಗುತ್ತಿದ್ದರು. ಡ್ರಾಯಿಂಗ್ ಮೇಷ್ಟ್ರು ಬಂದು ಫಾರಂ ಕೇಳಿದರು. ಮೂತಿ ಜೇಬಿನಿಂದ ತೆಗೆದು, ಅಮ್ಮನ ಮೊಣಕಾಲ ಮೇಲಿಟ್ಟು, ನಾಲ್ಕರ ಮುಂದೆ ಬರೆದಳು. ಬರೆದು ಅಮ್ಮನಿಗೆ ಕೊಟ್ಟಳು.

ಅಮ್ಮ ಒಂದು, ಎರಡು, ಮೂರು ಓದಿ ನಕ್ಕಳು. ಆಮೇಲೆ ನಾಲ್ಕನ್ನು ಓದಿದಳು. 'ಹುಡುಗಿ ಅಮ್ಮನನ್ನು ಗೊತ್ತಿಲ್ಲ ಎಂದಳು. ಅಮ್ಮ ಅದನ್ನು ಕೇಳಿಸಿಕೊಂಡಳು.' ಅಮ್ಮ ಬಹಳ ಹೊತ್ತು ಆ ಸಾಲನ್ನೇ ನೋಡುತ್ತಿದ್ದಳು.

"ಸಹಿ ಎಲ್ಲಿ ಹಾಕ್ಬೇಕು?"

"ಇಲ್ಲಿ. ಪೋಷಕರ ಸಹಿ ಅಂತಿದೆಯಲ್ಲ."

ಅಮ್ಮ ಕೈ ಒರೆಸಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ, ತನ್ನ ಪೂರ್ತಿ ಹೆಸರು ಬರೆದಳು. ಮೇಷ್ಟ್ರು ಫಾರಂ ತೆಗೆದುಕೊಂಡು ಹೋದರು. ಅಮ್ಮ ಎದ್ದು ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸತೊಡಗಿದಳು. ಮೂತಿ ಇನ್ನೊಂದು ಕೊನೆಯಿಂದ ಪೇರಿಸಿದಳು. ಸೋಡಾಬುಡ್ಡಿ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದು, ಒಳಗೆ ಬಂದು ತಾನೂ ಒಂದು ಕುರ್ಚಿ ಎತ್ತಿದಳು.

"ಸೋಮವಾರದಿಂದ ಕೆಳಗಿನ ಮಹಡಿ ಕೇಳ್ಲಾ?" ಎಂದಳು ಅಮ್ಮ, ಕುರ್ಚಿಗಳ ಕಡೆ ನೋಡುತ್ತಲೇ. "ಆದ್ರೆ ಆ ಬಕೆಟ್ ಚಕ್ರಕ್ಕೆ ಮೊದಲು ಎಣ್ಣೆ ಹಾಕ್ಬೇಕು. ಕೀಂಯ್ ಕೀಂಯ್ ಅಂತ ನಿಮ್ಮ ಕ್ಲಾಸಿಗೆಲ್ಲ ಕೇಳ್ಸುತ್ತೆ."

"ಹಾಕ್ಬೇಡ," ಎಂದಳು ಮೂತಿ. "ಕೇಳಿಸ್ಲಿ."